ಚೆಲುವಿಯ ಸೋಮವಾರ

ವಾಚಕ ಮಹಾಶಯರಲ್ಲಿ ಸವಿನಯ ಅರಿಕೆ: ಈ ಕಥೆಯಲ್ಲಿ ರಾಜಕುಮಾರಿಯಿಲ್ಲ, ಖಡ್ಗವೂ ಇಲ್ಲ; ನಾಯಕಿಯ ಸ್ಥಾನದಲ್ಲಿ ಒಂದು ಹಸುವಿದೆ. ಆದರೂ ಕಡೆಯವರೆಗೆ ಓದುವ ಕೃಪೆ ಮಾಡಬೇಕು.

ಊರೂರು ಅಲೆದು ಹಳೆಯ ಕಾದಂಬರಿಗಳನ್ನು ಮಾರುವ ನಾನು, ಆ ಚಳಿಗಾಲದಲ್ಲಿ ಹಿನಕಲ್‌ನ ಬೀರಮ್ಮನವರ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದೆ. ಗೋಡೆಯಾಚೆ ಅವರ ಒಂದೇ ಹಸು, ಚೆಲುವಿ. ಹೊಲಗಳೆಲ್ಲ ಬಡಾವಣೆಗಳಾದ ಮೇಲೂ ಬೀರಮ್ಮ ಬೀದಿಯ ಮನೆಗಳಿಗೆ ಹಾಲು ಹಾಕುವುದನ್ನು ಬಿಟ್ಟಿರಲಿಲ್ಲ. ಆದರೆ ಚೆಲುವಿ ಕರು ಹಾಕಿ ಏಳೆಂಟು ತಿಂಗಳಾದರೂ ಬೆದೆಗೆ ಬಂದಿರಲಿಲ್ಲ, ಹಾಲೂ ಇಳಿಯುತ್ತಿತ್ತು. ಗಬ್ಬ ನಿಲ್ಲದಿದ್ದರೆ ಯುಗಾದಿಯೊಳಗೆ ಅವಳನ್ನು ಸಂತೆಗೆ ಹೊಡೆಯುವುದೆಂದು ಬೀರಮ್ಮನವರ ತಮ್ಮ ಕೆಂಪಯ್ಯ ತೀರ್ಮಾನಿಸಿದ್ದ.

ಪಶುವೈದ್ಯೆ ಸೌಮ್ಯಶ್ರೀ ಬಂದು ಪರೀಕ್ಷಿಸಿ, ಅಂಡಾಶಯ ನಿದ್ದೆ ಹೋಗಿದೆಯೆಂದೂ ಹಾರ್ಮೋನಿನ ಮೂರು ಚುಚ್ಚುಮದ್ದುಗಳಿಂದ ಅದನ್ನು ಎಬ್ಬಿಸಲು ಯತ್ನಿಸಬಹುದೆಂದೂ ಹೇಳಿದರು. ಕೊನೆಯ ಮದ್ದು ಭಾನುವಾರ ಸಂಜೆ ಬಿತ್ತು. ಮರುದಿನ ಬೆಳಿಗ್ಗೆ ಅವರು ಕೃತಕ ಗರ್ಭಧಾರಣೆಯ ಸಲಕರಣೆಯೊಡನೆ ಬಂದಾಗ ಬೀರಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದರು.

“ಇವತ್ತು ಬ್ಯಾಡ ಕಣವ್ವ. ಸೋಮವಾರ, ಬಸವನ ವಾರ. ನಮ್ಮಪ್ಪ ಉಳೋ ಕಾಲದಲ್ಲೂ ಇವತ್ತು ದನಕ್ಕೆ ನೊಗ ಇಡ್ತಿರಲಿಲ್ಲ. ನಾಳೆ ಬನ್ನಿ.”

“ನಾಳೆಗೆ ಹೊತ್ತು ಮೀರುತ್ತೆ ಬೀರಮ್ಮ. ಮೂರು ಸೂಜಿಯೂ ದಂಡ.”

“ಬೆದೆಗೆ ಬಂದ್ರೆ ಕೂಗಬೇಕಲ್ವಾ, ಅವಳು ಒಂದು ಸಲಾನೂ ಕೂಗಲಿಲ್ಲ. ಆಸೇನೇ ಇಲ್ದೋಳಿಗೆ ಎಂಥ ಮದುವೆ?”

“ಈ ಔಷಧಿಗೆ ಕೂಗಲೇಬೇಕು ಅಂತಿಲ್ಲ. ಗಂಟೆ ನೋಡ್ಕೊಂಡು ಮಾಡೋದು.”

ಜಗಲಿಯಲ್ಲಿ ಬೇವಿನ ಕಡ್ಡಿ ಅಗಿಯುತ್ತಿದ್ದ ಕೆಂಪಯ್ಯ ಉಗಿದು ಬಾಯಿ ಒರೆಸಿಕೊಂಡ. “ಬೆಳಿಗ್ಗೆ ಹಾಲು ಕರೆದ್ಯಲ್ಲಕ್ಕ, ಆಗ ಯಾವ ವಾರ ಇತ್ತು? ಬಸವಣ್ಣ ನೊಗ ಬ್ಯಾಡ ಅಂದವ್ನೆ, ಬಸುರು ಬ್ಯಾಡ ಅಂದಿಲ್ಲ.”

“ಮಾರೋಕೆ ನಿಂತೋನು ನೀನು. ನಿಂಗ್ಯಾಕೋ ಈ ಕಾಳಜಿ?”

“ಬಸುರಾದ ಮೇಲೂ ಮಾರೋಕೆ ನಂಗೇನು ಹುಚ್ಚಾ?”

ಬೀರಮ್ಮ ಬಾಗಿಲು ಬಿಟ್ಟು ಸರಿದರು. ಒಳಗೆ ಹೋಗಿ ಕುಂಕುಮ ತಂದು ಚೆಲುವಿಯ ಹಣೆಗಿಟ್ಟು, ಅವಳ ಕಿವಿಯಲ್ಲಿ ಏನನ್ನೋ ಹೇಳಿದರು. ಆಮೇಲೆ ತಾವೇ ಬಾಲವನ್ನು ಪಕ್ಕಕ್ಕೆ ಹಿಡಿದು, ಮುಖವನ್ನು ಮಾತ್ರ ಗೋಡೆಯ ಕಡೆಗೆ ತಿರುಗಿಸಿಕೊಂಡು ನಿಂತರು.

ಎರಡು ತಿಂಗಳ ಮೇಲೆ ಸೌಮ್ಯಶ್ರೀ ಭುಜದವರೆಗೆ ಕೈಗವಸು ತೊಟ್ಟು ಮತ್ತೆ ಪರೀಕ್ಷಿಸಿದರು. ಬೀರಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಅಗಿಯುವುದನ್ನೂ ಮರೆತು ಕೆನ್ನೆಯಲ್ಲೇ ಇಟ್ಟುಕೊಂಡಿದ್ದರು.

“ಗಬ್ಬ ನಿಂತಿದೆ. ಖನಿಜದ ಪುಡಿ ಮಾತ್ರ ತಪ್ಪಿಸಬೇಡಿ.”

ಬೀರಮ್ಮ ತಮ್ಮನ ಕಡೆ ತಿರುಗಿದರು. “ಸಂತೆಗೆ ಅವಳ ಬದಲು ನೀನೇ ಹೋಗು. ಹಗ್ಗ ಬೇಕಾದ್ರೆ ನಾನೇ ಕೊಡ್ತೀನಿ.”

ಕೆಂಪಯ್ಯ ನಕ್ಕು, ಹಿಂಡಿ ತರಲು ಸೈಕಲ್ ಹತ್ತಿದ.

ನನ್ನ ಕಾಲುಗಳೋ ಆಗಲೇ ದಾರಿಯನ್ನು ಬಯಸುತ್ತಿದ್ದವು. ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಾಗ ಬೀರಮ್ಮ ಬಾಗಿಲಲ್ಲಿ ಬಂದು ನಿಂತರು.

“ಗಿಣ್ಣು ತಿನ್ಕಂಡು ಹೋಗಬಾರದಾ ಸ್ವಾಮಿ?”

“ಅದಕ್ಕಿನ್ನೂ ಏಳು ತಿಂಗಳಿದೆಯಲ್ಲಮ್ಮ.”

“ಏಳು ತಿಂಗಳೇನು ಮಹಾ. ಬಂದ್ಬುಡಿ.”

ಬರುತ್ತೇನೆಂದೆ. ಚೀಲವನ್ನು ಹೆಗಲಿಗೇರಿಸಿ, ಹುಣಸೂರಿನ ಬಸ್ಸು ಹಿಡಿಯಲು ರಸ್ತೆಗಿಳಿದೆ.