ಕಾರ್ಡಿಯೊವರೆಗೆ ಮಾತ್ರ

೧
ಎಲ್ಲಿಂದ ಶುರು ಮಾಡಲಿ? ಇಂಗ್ಲಿಷ್ ಪದಕ್ಕಾದರೆ ಮುಂದೊಂದು ಪ್ರಿಫಿಕ್ಸ್ ಅಂಟಿಸಬಹುದು. ಕಥೆಗೆ ಆ ಅನುಕೂಲವಿಲ್ಲ. ಕಡಲಾಚೆಯ ಹೌಗಾಂಗ್ ಬಡಾವಣೆಯ ಸೂರ್ಯೋದಯದಿಂದ ಶುರು ಮಾಡಿದ್ದೆ, ಥೇಟ್ ಟೂರಿಸ್ಟ್ ಜಾಹೀರಾತು, ಅಳಿಸಿದೆ.

ನೇರವಾಗಿಯೇ ಹೇಳುತ್ತೇನೆ. ಹೌಗಾಂಗ್‌ನ ಶಾಮಲಾಗೆ ನಾಳೆ ಒಂದು ಕ್ಲಿನಿಕ್‌ನಲ್ಲಿ ಇಂಟರ್‌ವ್ಯೂ. ಸಿಕ್ಕರೆ, ಮೈಸೂರು ಬಿಟ್ಟ ಮೇಲೆ ಮೊದಲ ಕೆಲಸ. ಅಲ್ಲಿ ಕಾಯಿಲೆಗಳ ಇಂಗ್ಲಿಷ್ ಹೆಸರನ್ನು ಬಿಡಿಸಿ, ಜೋಡಿಸಿ, ಬಾಯಿಬಿಟ್ಟು ಹೇಳಬೇಕು.

೨
ಬಿಡಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. 'ಕಾರ್ಡಿ' ಅಂದರೆ ಹೃದಯ. ಕೊನೆಯ ಸಫಿಕ್ಸ್ 'ಮೆಗಲಿ' ಅಂದರೆ ಹಿಗ್ಗಿದ್ದು. ನಡುವೆ ಎರಡನ್ನೂ ಬೆಸೆಯಲು ಒಂದು 'ಒ'. ತೊಂದರೆ ಇರುವುದು ಜೋಡಿಸುವುದರಲ್ಲಿ. ದೀಪ ಹಚ್ಚಿದ ಮನೆಯಲ್ಲಿ ರೋಗದ ಹೆಸರು ಪೂರ್ತಿ ಆಡಿ, ಅಸ್ತು ದೇವತೆಗಳು ಅಸ್ತು ಅಂದುಬಿಟ್ಟರೆ? ಅದಕ್ಕೇ ಅವಳು ಎಲ್ಲವನ್ನೂ 'ಒ'ವರೆಗೆ ತಂದು ನಿಲ್ಲಿಸುತ್ತಾಳೆ. ಲಿವರ್‌ನ ಹೆಪಟೊ. ಕಿಡ್ನಿಯ ನೆಫ್ರೊ. ಕಾರ್ಡಿಯೊ.

"ಅಮ್ಮಾ, ಫುಲ್ ಹೇಳು ಲಾ! ಫೇಲ್ ಮಾಡ್ತಾರೆ," ಎಂದಳು ಮಗಳು ಪ್ರಿಯಂವದಾ, ಮಾತಿನ ಬಾಲಕ್ಕೆ ಅಲ್ಲಿನವರ 'ಲಾ' ಅಂಟಿಸಿ.

"ನಾಳೆ ಅಲ್ಲೇ ಹೇಳ್ತೀನಿ ಕಣೇ."

ಸೋಫಾದಲ್ಲಿದ್ದ ಗಂಡ ದ್ವಾರಕನಾಥ ನಕ್ಕ. ಅವನ ಹೃದಯ ಕೊಂಚ ಹಿಗ್ಗಿದೆ ಎಂದು ಡಾಕ್ಟರು ಹೋದ ವರ್ಷವೇ ಹೇಳಿದ್ದರು. "ನಂಗೆ ಆಲ್ರೆಡಿ ಅಪ್ರೂವ್ ಆಗಿದೆ, ಧೈರ್ಯವಾಗಿ ಹೇಳು."

"ರೀ! ಬಿಡ್ತು ಅನ್ನಿ!"

"ಬಿಡ್ತು," ಎಂದ ಆತ ವಿಧೇಯನಾಗಿ. ಆಡಿದ ಕೆಟ್ಟ ಮಾತು ಅಲ್ಲಿಗೆ ಕಳೆಯಿತು.

೩
(ಇಲ್ಲಿ ದ್ವಾರಕನಾಥನನ್ನು ಆಸ್ಪತ್ರೆಗೆ ಸೇರಿಸುವ ಒಂದು ಪುಟವಿತ್ತು. ಶಾಮಲಾ ನನ್ನ ಮೇಲೆ ಹರಿಹಾಯ್ದಳು: "ನಿಮ್ಮ ಕ್ಲೈಮ್ಯಾಕ್ಸ್‌ಗೆ ನನ್ನ ಗಂಡಾನೇ ಬೇಕಿತ್ತಾ? ಡಿಲೀಟ್ ಮಾಡಿ!" ಮಾಡಿದೆ. ನನಗೂ ಆ ಮನುಷ್ಯ ಇಷ್ಟವಾಗಿಬಿಟ್ಟಿದ್ದ.)

೪
ಇಂಟರ್‌ವ್ಯೂ. ಹೆಪಟೊ, ನೆಫ್ರೊ ಮುಗಿದವು, ಅವುಗಳ ಬಾಲವನ್ನು ಹೇಗೋ ಪಿಸುಗುಟ್ಟಿ ದಾಟಿಸಿದಳು. ಕಾರ್ಡಿಯೊ ಬಂದಾಗ ಮಾತ್ರ 'ಒ'ವರೆಗೆ ತಂದು ನಿಲ್ಲಿಸಿಬಿಟ್ಟಳು.

"ಫುಲ್ ವರ್ಡ್, ಕ್ಯಾನ್?" ಎಂದರು ಕ್ಲಿನಿಕ್‌ನ ಮೇಡಂ. "ಲೌಡರ್, ಪ್ಲೀಸ್."

ಶಾಮಲಾಗೆ ಮನೆಯ ಸೋಫಾ ನೆನಪಾಯಿತು. ಹೆದರಿಕೆಯಾಯಿತು. ಕೆಲಸವೂ ಬೇಕಿತ್ತು.

"ಕಾರ್ಡಿಯೊಮೆಗಲಿ," ಎಂದಳು ಗಟ್ಟಿಯಾಗಿ. ಅದೇ ಉಸಿರಿನಲ್ಲಿ ಸೇರಿಸಿದಳು: "ಬಿಡ್ತು."

ಮೇಡಂ ಹುಬ್ಬೇರಿಸಿದರು. "ಬಿಡ್ತು? ವಾಟ್ ಸಫಿಕ್ಸ್ ಈಸ್ ದಟ್?"

"ಫಾರ್ ಮೈ ಹಸ್ಬೆಂಡ್, ಮೇಡಂ."

೫
ಕೆಲಸ ಸಿಕ್ಕಿತೇ? ಎರಡು ಮುಕ್ತಾಯ ಬರೆದಿದ್ದೆ. ಒಂದರಲ್ಲಿ ಮೇಡಂ ನಗುತ್ತಾರೆ, ಇನ್ನೊಂದರಲ್ಲಿ "ನೆಕ್ಸ್ಟ್" ಅನ್ನುತ್ತಾರೆ. ಎರಡನೆಯದನ್ನು ಪೂರ್ತಿ ಮಾಡಲು ನನಗೆ ಧೈರ್ಯ ಸಾಲಲಿಲ್ಲ. ಮೊದಲನೆಯದನ್ನು ನಾನೊಬ್ಬನೇ ಬರೆದರೆ ಸಾಲದು. ಓದುಗರೇ, ನೀವೂ ಒಮ್ಮೆ ಬಾಯಿಬಿಟ್ಟು ಒಳ್ಳೆಯದನ್ನೇ ಆಡಿ. ಅಸ್ತು ದೇವತೆಗಳು ಹೌಗಾಂಗ್‌ನಲ್ಲೂ ಇರುತ್ತಾರಂತೆ.