ತಲೆ ಬಾಗಿದ್ದು ಯಾರಿಗೆ?

ಕೀನ್ಯಾದ ನರೋಕ್ ಸೀಮೆಯಲ್ಲಿ ನನ್ನಷ್ಟು ಎತ್ತರ ಜಿಗಿಯುವವನು ನಮ್ಮ ಮಾಸಾಯಿ ಕುಲದಲ್ಲೇ ಇನ್ನೂ ಹುಟ್ಟಿಲ್ಲ. ನಾನು ಜಿಗಿದರೆ ಮೋಡ ತಾಗಿ ನೆತ್ತಿ ಒದ್ದೆಯಾಗುತ್ತದೆ. ಸಿನಿಮಾ ತೆಗೆಯಲು ಬಂದ ಇಂಗ್ಲಿಷರು ನನ್ನನ್ನು ಕಂಡು ಹೌಹಾರಿ, ತಮ್ಮ ನಾಯಕನಟನನ್ನೇ ವಾಪಸು ಹಡಗು ಹತ್ತಿಸಲು ಹೊರಟಿದ್ದರು. ಹಾಗೆಂದು ಊರೆಲ್ಲ ಸಾರಿದವನೂ ನಾನೇ.

ಅದಕ್ಕೇ, ಆ ಸಿನಿಮಾ ತೋರಿಸಲು ಲಾರಿ ಬಂದು ಮುಸ್ಸಂಜೆಗೆ ಬಿಳಿ ಬಟ್ಟೆ ಕಟ್ಟಿದಾಗ, ಹಿರಿಯರಾದ ಓಲೆ ಕುಯೋನಿಯವರನ್ನು ಕರೆತಂದು ಎಲ್ಲರಿಗಿಂತ ಮುಂದೆ ಕೂರಿಸಿದೆ. ಮಗಳು ನಾಸಿಯೆಕುವನ್ನು ನನಗೆ ಕೊಡುತ್ತೇನೆಂಬ ಮಾತು ಅವರ ಬಾಯಿಂದ ಇನ್ನೂ ಬಂದಿರಲಿಲ್ಲ. ಸಿನಿಮಾದಲ್ಲಿ ಅವರೂ ಇದ್ದರು. ಕಿರಿಯರು ತಲೆ ಬಾಗಿಸುವುದು, ಹಿರಿಯರು ನೆತ್ತಿಯ ಮೇಲೆ ಅಂಗೈ ಇಡುವುದು ನಮ್ಮ ನಿತ್ಯದ ನಮಸ್ಕಾರ. ಅದನ್ನೇ ಇಂಗ್ಲಿಷರು ಕುಯೋನಿಯವರೆದುರು ನಮ್ಮಿಂದ ಮಾಡಿಸಿ ಚಿತ್ರ ಹಿಡಿದಿದ್ದರು.

"ನೋಡ್ತಿರಿ ಅಪ್ಪಾ, ನಿಮ್ಮ ಮುಖ ಗುಡ್ಡದಷ್ಟು ದೊಡ್ಡದಾಗಿ ಕಾಣುತ್ತೆ."

"ಸುಮ್ನೆ ಕೂತ್ಕೊಳೋ, ಗುಡ್ಡಕ್ಕಿಂತ ನಿನ್ನ ಬಾಯೇ ದೊಡ್ಡದು," ಎಂದರು. ಆದರೂ ಹೊಸ ಕೆಂಪು ಹೊದಿಕೆಯನ್ನು ಸರಿಮಾಡಿಕೊಂಡರು.

ಪರದೆಯ ಮೇಲೆ ನಾನು ಬಂದೆ, ತಲೆ ಬಾಗಿಸಿದೆ. ಮರುಕ್ಷಣ ಕಂಡದ್ದು ಕುಯೋನಿಯವರಲ್ಲ. ದೊಡ್ಡ ಟೋಪಿಯ, ಮೀಸೆಯೂ ಚಿಗುರದ, ನಾವು ಎಂದೂ ಕಂಡೇ ಇರದ ಬಿಳಿ ಅಧಿಕಾರಿ! ನಾವೆಲ್ಲ ಸಾಲಾಗಿ ಅವನಿಗೇ ಬಾಗುತ್ತಿದ್ದೆವು. ಅವನು ನಾಯಿಮರಿಗಳನ್ನು ಕಂಡವನಂತೆ ನಗುತ್ತಿದ್ದ. ಲಾರಿಯವನು ಚಿತ್ರದ ಇಂಗ್ಲಿಷ್ ಮಾತನ್ನು ಬಿಡಿಸಿ ಹೇಳಿದ: "ದೊರೆ ಬಂದ್ಮೇಲೇ ಈ ಕಾಡುಜನ ಮನುಷ್ಯರಾದ್ರಂತೆ."

ಹಿಂದಿನಿಂದ ಗೆಳೆಯ ಪರ್ಮುವಾತ್ ಕೂಗಿದ: "ಏನೋ ಹೀರೋ, ಹಾಲುಗಲ್ಲದ ಹುಡುಗನಿಗೆ ತಲೆ ಕೊಟ್ಬಿಟ್ಯಲ್ಲೋ!"

ಜನ ಬಿದ್ದುಬಿದ್ದು ನಕ್ಕರು. ಕುಯೋನಿಯವರು ನಗಲಿಲ್ಲ.

"ನೀನು ಬಗ್ಗಿದ್ದು ಯಾರಿಗೋ?"

"ನಿಮಗೇ ಅಪ್ಪಾ, ಆಣೆಗೂ ನಿಮಗೇ."

"ಹಾಗಾದ್ರೆ ನಾನೆಲ್ಲಿ ಹೋದೆ?"

ನಾನು ಎದ್ದು, ಅಷ್ಟೂ ಜನರೆದುರು ಅವರ ಮುಂದೆ ತಲೆ ಬಾಗಿಸಿ ನಿಂತೆ. ಅವರ ಕೈ ಹೊದಿಕೆಯೊಳಗೇ ಉಳಿಯಿತು.

"ಬೇಡ ಕಣಪ್ಪ. ಈಗ ಕೈಯಿಟ್ರೆ, ಆ ಹುಡುಗನಾದ್ಮೇಲೆ ಮುದುಕನ ಸರದಿ ಬಂತು ಅಂತಾರೆ."

"ನಾಸಿಯೆಕು ವಿಷಯ..."

"ಅವಳೂ ನೋಡಿದಾಳೆ," ಎಂದು ಕೋಲೂರಿ ಎದ್ದು ಹೊರಟರು.

"ಇನ್ನೊಂದ್ಸಲ ಹಾಕಪ್ಪಾ!" ಎಂದು ಯಾರೋ ಅರಚಿದರು. ಲಾರಿಯವನು ಖುಷಿಯಿಂದ ಸುರುಳಿಯನ್ನು ಹಿಂದಕ್ಕೆ ತಿರುಗಿಸಿದ. ನಾನು ತಲೆಯೆತ್ತಲಿಲ್ಲ.