ಹೆರಿಗೆ ವಾರ್ಡಿನ ಮಾಳಿಗೆಯ ಮೇಲೆ

ನಾನು ಸೂರ್ಯನ ಬಿಸಿಲಿನಿಂದ ನೀರು ಕಾಯಿಸುವ ಒಂದು ಸೋಲಾರ್ ಹೀಟರ್. ಬೆಂಗಳೂರಿನ ಹೊರಗೆ ಒಂದು ಶೆಡ್ಡಿನಲ್ಲಿ ಗಾಜಿನ ಕೊಳವೆಗಳನ್ನು ಸ್ಟೀಲ್ ಟ್ಯಾಂಕಿಗೆ ಜೋಡಿಸಿ ನನ್ನನ್ನು ಮಾಡಿದರು. ಸರ್ಕಾರಿ ಕಟ್ಟಡಗಳಲ್ಲಿ ಕರೆಂಟು, ಸೌದೆ ಉಳಿಸುವುದು ಹೇಗೆಂದು ಜನರಿಗೆ ತೋರಿಸಲು ನನ್ನನ್ನು ಆರಿಸಿದ್ದರು. ಹುಲ್ಲು ಹಾಸಿದ ಲಾರಿಯಲ್ಲಿ ಮಲಗಿ ಕೃಷ್ಣಾ ತೀರದ ಒಂದು ಸಣ್ಣ ಊರಿಗೆ ಬಂದೆ. ಅಲ್ಲಿನ ಆಸ್ಪತ್ರೆಯ ಹೆರಿಗೆ ವಾರ್ಡಿನ ಮಾಳಿಗೆಯೇ ನನ್ನ ಮನೆಯಾಯಿತು.

ಉದ್ಘಾಟನೆಗೆ ಬಂದ ಸಾಹೇಬರು ನಲ್ಲಿಯ ಕೆಳಗೆ ಬೆರಳಿಟ್ಟು ಥಟ್ಟನೆ ಹಿಂದಕ್ಕೆಳೆದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಯಾ ನೀಲವ್ವ ಮಾತ್ರ ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದಳು. ಬಾಣಂತಿಯರಿಗೆ ನೀರು ಕಾಯಿಸಲು ಹಿತ್ತಲಲ್ಲಿ ಒಲೆ ಊದಿ ಊದಿ ಅವಳ ಕಣ್ಣು ಕೆಂಪಾಗಿದ್ದವು. ಜನ ಹೋದ ಮೇಲೆ ಒಬ್ಬ ಬಾಣಂತಿಗೆ ನೀರೆರೆದು, ಮಾಳಿಗೆ ಹತ್ತಿ ಬಂದು ನನ್ನನ್ನು ಮುಟ್ಟಿದಳು.

"ಭಾಳ ಛಲೋ ಆತು ನೋಡವ್ವ," ಎಂದಳು.

ಎರಡು ಚಳಿಗಾಲ ನಾನು ಎಷ್ಟೋ ಬಾಣಂತಿಯರ, ಕೂಸುಗಳ ಮೈ ಬೆಚ್ಚಗೆ ಮಾಡಿದೆ. ಆದರೆ ಬೋರ್‌ವೆಲ್ಲಿನ ನೀರು ಸವಳು. ಅದರ ಸುಣ್ಣ ನನ್ನೊಳಗೆ ಗಟ್ಟಿಯಾಗಿ, ನಲ್ಲಿಯಲ್ಲಿ ನೀರು ನಿಂತೇಹೋಯಿತು. ವಾರ್ಡಿನ ಡಾಕ್ಟರ್ ಫರ್ಹಾನಾ ನನ್ನ ಪಕ್ಕದಲ್ಲೇ ನಿಂತು ಫೋನ್ ಮಾಡಿದರು. ನನ್ನನ್ನು ಕೂರಿಸಿದ ಕಂಪನಿಯವರು ರಿಪೇರಿ ಮಾಡಿಕೊಡುವ ಅವಧಿ ಮುಗಿಯಿತೆಂದರು. ಇಲಾಖೆಯವರು ಅದು ತಮ್ಮದಲ್ಲವೆಂದರು. ಕೊನೆಗೆ ಡಾಕ್ಟರೇ ಊರಿನ ಪ್ಲಂಬರ್ ಬಸಣ್ಣನನ್ನು ಕರೆಸಿದರು.

"ಆಸಿಡ್ ಹಾಕಿ ತೊಳದ್ರ ಆತ್ರಿ ಮೇಡಂ," ಎಂದ ಅವನು. "ಆದ್ರ ಸರ್ಕಾರಿ ಮಾಲ್ರಿ ಇದು. ನಾ ಕೈ ಹಚ್ಚಿ ಏನರ ಒಡದ್ರ ನನ್ ಮ್ಯಾಲ ಬರತೈತಿ."

ಅವನು ಕೈಚೀಲ ಹಿಡಿದು ಇಳಿದುಹೋದ. ಮುಂದಿನ ತಿಂಗಳು ಡಾಕ್ಟರಿಗೂ ವರ್ಗವಾಯಿತು.

ನೀಲವ್ವ ಮತ್ತೆ ಒಲೆ ಹೊತ್ತಿಸಿದಳು. ಒಂದು ಬೆಳಿಗ್ಗೆ ಕುದಿಯುವ ನೀರು ಹೊತ್ತು ವಾರ್ಡಿನ ಮೆಟ್ಟಿಲು ಹತ್ತುವಾಗ ಜಾರಿ, ನೀರೆಲ್ಲ ಅವಳ ಒಂದು ಕಾಲಿನ ಮೇಲೆ ಚೆಲ್ಲಿತು. ನಾನು ಮೇಲಿನಿಂದ ನೋಡುತ್ತಿದ್ದೆ. ಬಾಣಂತಿಯೊಬ್ಬಳು ಹಸಿ ಮೈಯಲ್ಲೇ ಓಡಿಬಂದು, "ಚಿಗವ್ವ, ಸೀರಿ ಬಿಚ್ಚು, ಚರ್ಮಕ್ಕ ಹತ್ತತೈತಿ," ಎಂದು ತಣ್ಣೀರು ಸುರಿದಳು. ನೀಲವ್ವನ ಸುಟ್ಟ ಕಾಲು ಸರಿಹೋಗಲಿಲ್ಲ. ಗುತ್ತಿಗೆಯ ಕೆಲಸವಾದ್ದರಿಂದ ಅವಳ ಜಾಗಕ್ಕೆ ಬೇರೊಬ್ಬಳನ್ನು ತಂದರು.

ಈ ವರ್ಷ ಬೇರೆ ಸಾಹೇಬರು ನೀರು ಕಾಯಿಸುವ, ಇನ್ನೂ ಹೊಸ ತಂತ್ರಜ್ಞಾನದ ಒಂದು ಯಂತ್ರವನ್ನು ತಂದರು. ನನ್ನನ್ನು ಮಾಳಿಗೆಯ ಒಂದು ಮೂಲೆಗೆ ತಳ್ಳಿದರು.

"ಇದೇನ್ರಿ?" ಎಂದು ಸಾಹೇಬರು ನನ್ನತ್ತ ಬೆರಳು ತೋರಿಸಿ ಕೇಳಿದರು.

"ಹಳೇದ್ರಿ ಸರ್. ಡೆಮೋಕ್ಕ ಬಂದಿತ್ತು," ಎಂದ ಆಸ್ಪತ್ರೆಯ ಸಿಬ್ಬಂದಿಯೊಬ್ಬ.

ಅದೇ ಸವಳು ನೀರಿನ ಪೈಪನ್ನು ಹೊಸ ಯಂತ್ರಕ್ಕೆ ಜೋಡಿಸಿದರು. ಸುಣ್ಣ ಕಟ್ಟಿದರೆ ತೊಳೆಯುವವರು ಯಾರೆಂದು ಈ ಸಲವೂ ಯಾರೂ ಕೇಳಲಿಲ್ಲ.

ಮಧ್ಯಾಹ್ನವಾದರೆ ನನ್ನ ಬರಿದಾದ ಟ್ಯಾಂಕ್ ಈಗಲೂ ಕಾದು ಸುಡುತ್ತದೆ. ಆ ಬಿಸಿ ಯಾರಿಗೂ ಸಿಗುವುದಿಲ್ಲ.